ಹಿಮದ ಮೇಲೆ ಬಿದ್ದ ಚಿಟ್ಟೆಗಳು

ಆಲಿಕಲ್ಲು ಮಳೆ ನಿಂತ ಬೆಳಿಗ್ಗೆಯೇ ಎದುವೀಹೆಸ್ ಹಗ್ಗ, ಬುಟ್ಟಿ ಹೆಗಲಿಗೇರಿಸಿದಳು. ಮಿಚೋವಾಕಾನ್ ಬೆಟ್ಟದ ನೆತ್ತಿಯ ಓಯಮೆಲ್ ಮರಗಳಲ್ಲಿ ಜೋತುಬಿದ್ದು ಚಳಿಗಾಲ ಕಳೆಯುವ ದೊರೆಚಿಟ್ಟೆಗಳು ನೆಲಕ್ಕೆ ಉದುರಿದ್ದವು. ಸಂಜೆಯ ಹಿಮಕ್ಕೆ ಮುಂಚೆ ಅವನ್ನು ಪೊದೆಗಳ ಮೇಲಕ್ಕೆ ಎತ್ತದಿದ್ದರೆ ಒಂದೂ ಉಳಿಯುತ್ತಿರಲಿಲ್ಲ.

ಮೈದುನ ನಿಕಾನೋರ್, ಚಿಕ್ಕಪ್ಪ ತ್ರಾಂಕಿಲೀನೊ ಇಬ್ಬರೂ ಅವಳ ಜೊತೆಗೆ ಹೊರಟರು.

"ಸತ್ತೋರ ಹಬ್ಬಕ್ಕೆ ಬಂದ ನೆಂಟರು ನೋಡು, ಅತ್ತಿಗೆಗೆ ನಿದ್ದೇನೇ ಇಲ್ಲ," ಎಂದು ನಿಕಾನೋರ್ ಕಿಚಾಯಿಸಿದ.

ಸತ್ತವರು ಹಬ್ಬದ ಹೊತ್ತಿಗೆ ಚಿಟ್ಟೆಗಳಾಗಿ ಮನೆಗೆ ಬರುತ್ತಾರೆಂದು ಊರವರ ನಂಬಿಕೆ. ಹಿಂದಿನ ಬೇಸಿಗೆಯಲ್ಲಿ ಅವಳ ಅವ್ವ ತೀರಿಕೊಂಡಿದ್ದಳು. ನವೆಂಬರಿನಲ್ಲಿ ಮೊದಲ ಚಿಟ್ಟೆ ಅಂಗಳಕ್ಕಿಳಿದಾಗ ಎದುವೀಹೆಸ್ ಬೆಂಚಿನ ಮೇಲೆ ಸರಿದು ಅದಕ್ಕೆ ಜಾಗ ಬಿಟ್ಟಿದ್ದಳು.

ಕಮರಿಗೆ ಅಡ್ಡ ಬಿದ್ದ ದಿಮ್ಮಿ ಹಿಮಗಟ್ಟಿತ್ತು. ಎದುವೀಹೆಸ್, ಚಿಕ್ಕಪ್ಪ ಮೊದಲು ದಾಟಿದರು. ಹಗ್ಗದ ತುದಿ ಸೊಂಟಕ್ಕೆ ಕಟ್ಟಿಕೊಂಡು ಹಿಂದೆ ಬರುತ್ತಿದ್ದ ನಿಕಾನೋರ್ ಜಾರಿದ.

ಹಗ್ಗ ಸೆಟೆಯಿತು. ಎದುವೀಹೆಸ್ ಅದನ್ನು ಮರಕ್ಕೆ ಸುತ್ತಿ ಜಗ್ಗಿದಳು. ಅಂಗೈ ಸುಲಿಯಿತು.

"ಬಿಡಬ್ಯಾಡ ಅತ್ತಿಗೆ!"

"ಬಿಡಲ್ಲ ಕಣೋ, ಬಾಯಿ ಮುಚ್ಚಿ ಕಾಲೂರು!"

ಅವನು ತೆವಳಿ ಮೇಲೆ ಬಂದ. ಒಂದು ಬೂಟು ಕಮರಿಯ ಪಾಲಾಗಿತ್ತು. ಅವಳು ತನ್ನ ಶಾಲು ಹರಿದು ಅವನ ಪಾದಕ್ಕೆ ಸುತ್ತಿದಳು.

ನೆತ್ತಿಯಲ್ಲಿ ಮಂಜು ಮರದಿಂದ ಮರಕ್ಕೆ ಮೆಲ್ಲಗೆ ಹರಿಯುತ್ತಿತ್ತು. ಅದರ ಕೆಳಗೆ, ಬಿಳಿ ನೆಲದ ಮೇಲೆ, ಕಣ್ಣು ಹಾಯುವವರೆಗೂ ಕಿತ್ತಳೆ ಬಣ್ಣದ ಮೌನ. ಯಾರದೋ ನಿದ್ದೆಯೊಳಗೆ ಕಾಲಿಟ್ಟಂತೆ ಅವಳಿಗೆ ಹೆಜ್ಜೆ ಇಡಲು ಭಯವಾಯಿತು. ಒಂದನ್ನೆತ್ತಿ ಉಸಿರೂದಿದಳು. ರೆಕ್ಕೆ ನಡುಗಿತು.

"ಹಿಂಗೆ ಒಂದೊಂದಕ್ಕೂ ಊದ್ತಾ ಕೂತ್ರೆ ಕತ್ತಲಾಗತ್ತೆ ಮಗಳೇ. ಬುಟ್ಟಿ ಹಿಡಿ," ಎಂದ ಚಿಕ್ಕಪ್ಪ.

ಬೊಗಸೆ ಬೊಗಸೆಯಾಗಿ ಎತ್ತಿ, ಮರಗಳ ಮಧ್ಯದ ಬಯಲಿನ ಪೊದೆಗಳಿಗೆ ಹರಡಿದರು. ನಿಕಾನೋರ್, ವಸಂತದಲ್ಲಿ ಈ ಚಿಟ್ಟೆಗಳು ಹಾರಿಹೋಗುವ ಟೆಕ್ಸಾಸ್ ಹೊಲಗಳಲ್ಲಿ ದುಡಿದು ಬಂದವನು. ಕುಂಟುತ್ತಲೇ ಚಿಟ್ಟೆಗಳಿಗೆ ಗದರುತ್ತಿದ್ದ: "ಇಲ್ಲೇ ಮಲಗಿಬಿಟ್ರೆ ಹೆಂಗಮ್ಮಾ? ಅಲ್ಲಿ ಬದುವಿನ ಮೇಲೆ ಹಾಲುಗಿಡ ಚಿಗುರೋ ಹೊತ್ತಿಗೆ ಹೋಗಬೇಕಲ್ಲ. ನಿಮ್ಮ ಮರಿ ಬೇರೆ ಎಲೆ ಮುಟ್ಟಲ್ವಂತೆ, ಭಾರೀ ದಿಮಾಕು!"

ಮಧ್ಯಾಹ್ನ ಇಳಿಯುವಾಗ ಮೋಡ ಸೀಳಿ ಬಿಸಿಲು ಪೊದೆಗಳ ಮೇಲೆ ಬಿತ್ತು. ಮೊದಲು ಒಂದು ರೆಕ್ಕೆ ತೆರೆಯಿತು. ಆಮೇಲೆ ಪೊದೆಯೇ ತೆರೆಯಿತು. ತುಂತುರು ಮಳೆಯಂಥ ಸದ್ದು ಮಾಡುತ್ತ ಚಿಟ್ಟೆಗಳು ಎದ್ದು, ಅವರ ಮುಖಗಳನ್ನು ಸವರಿ, ಮರಗಳಿಗೇರಿದವು. ಎಷ್ಟೋ ಏಳಲಿಲ್ಲ. ಎದುವೀಹೆಸ್ ಅವುಗಳ ಮೇಲೆ ಸೊಪ್ಪು ಮುಚ್ಚಿದಳು. ಆಗ ಮೊದಲ ಬಾರಿಗೆ, ಅವ್ವನಿಗಾಗಿ, ಜೋರಾಗಿ ಅತ್ತಳು. ಗಂಡಸರಿಬ್ಬರೂ ಹಗ್ಗ ಸುತ್ತುತ್ತ ನಿಂತರು.

ಹೊತ್ತು ಮುಳುಗುವ ಮುನ್ನ ಊರು ಸೇರಿದರು. ಚಿಕ್ಕಮ್ಮ ಒಲೆಯಿಂದ ಬಿಸಿ ತೋರ್ತಿಯಾ ಎತ್ತುತ್ತ ಕೇಳಿದಳು, "ಉಳಿದ್ವೇನೇ?"

"ಅರ್ಧಕ್ಕಿಂತ ಜಾಸ್ತಿ," ಎಂದಳು ಎದುವೀಹೆಸ್. ಸುಲಿದ ಕೈಯಲ್ಲಿ ರೊಟ್ಟಿ ಹಿಡಿಯಲಾಗಲಿಲ್ಲ. ಚಿಕ್ಕಮ್ಮ ಮುರಿದು ಬಾಯಿಗಿಟ್ಟಳು. ಅವಳು ಕಣ್ಣು ಮುಚ್ಚಿ ಅಗಿಯತೊಡಗಿದಳು. ಉಗುರ ಸಂದಿಗಳಲ್ಲೆಲ್ಲ ಕಿತ್ತಳೆ ಧೂಳು ಮಿನುಗುತ್ತಿತ್ತು.