ಸರ್ವಾನುಮತಕ್ಕೆ ಒಂದು ಕೈ ಕಮ್ಮಿ

"ಬಾಗಿಲು ಮುಚ್ರಿ! ಯಾರೂ ಹೊರಗೆ ಹೋಗ್ಬಾರ್ದು. ಕೆಲಸದ ಹೊತ್ತಲ್ಲಿ ಬೂಟು ಅಂಗಡಿಲೇನು ಕೆಲಸ? ಗುರುತಿನ ಚೀಟಿ ತೆಗೀರಿ!"

ಸರತಿಯಲ್ಲಿದ್ದ ಹೆಂಗಸರೆಲ್ಲ ಬೆಚ್ಚಿಬಿದ್ದರು. ತೈಸಿಯಾ ಮಾತ್ರ ಬೆಚ್ಚಲಿಲ್ಲ. ಅವಳಿಗೆ ರೇಗಿತು!

ಚಳಿಗಾಲದ ಬೂಟು ಬಂದಿದೆ ಎಂದು ಕೇಳಿ, ರಾತ್ರಿ ಪಾಳಿ ಮುಗಿಸಿ, ಮಗ್ಗದ ಸದ್ದು ಕಿವಿಯಲ್ಲಿ ಇನ್ನೂ ಗುಯ್‌ಗುಡುತ್ತಿರುವಾಗಲೇ ನೇರ ಇಲ್ಲಿಗೆ ಬಂದಿದ್ದಳು. ಅಂಗೈಯಲ್ಲಿ ಪೆನ್ನಿನಲ್ಲಿ ಬರೆದ ಸರತಿಯ ಸಂಖ್ಯೆ ಎಂಬತ್ತನಾಲ್ಕು. ನಾಲ್ಕು ಗಂಟೆ ನಿಂತು ಈಗಷ್ಟೇ ಅರವತ್ತು ದಾಟಿತ್ತು. ಅಷ್ಟರಲ್ಲಿ ಈ ಪೀಡೆ!

೧೯೮೩ರ ಫೆಬ್ರವರಿ. ಮಾಸ್ಕೋದಲ್ಲಿ ಯಾರೋ ಶಿಸ್ತು ಎಂದರು, ನಮ್ಮ ಇವಾನೊವೊದಲ್ಲಿ ಕೊಮ್ಸೊಮೋಲ್ ಯುವಸಂಘದವರ, ಕೆಲಸಗಳ್ಳರನ್ನು ಹಿಡಿಯುವ 'ಸರ್ಚ್‌ಲೈಟ್' ತಂಡ ಕ್ಯಾಮೆರಾ ಹಿಡಿದು ಅಂಗಡಿಗಳಿಗೆ ನುಗ್ಗಿತು. ಅಲ್ಲಿ ಸೀನಿದರೆ ಇಲ್ಲಿ ಮೂಗು ಒರೆಸಿಕೊಳ್ಳುವುದು ನಮ್ಮೂರಿನವರ ಹಳೇ ಚಾಳಿ.

"ಹೆಸರು?" ಉದ್ದನೆಯ ಹುಡುಗನೊಬ್ಬ ಅವಳ ಮುಂದೆ ನಿಂತ.

"ನಿಮಗ್ಯಾಕೆ? ರಾತ್ರಿಯೆಲ್ಲ ಹದಿನಾಲ್ಕು ಮಗ್ಗ ನೋಡ್ಕೊಂಡು ಬಂದಿದ್ದೀನಿ. ನೀವು ಹೊದ್ಕೊಂಡು ಮಲಗಿದ್ರಲ್ಲ, ಆ ಹಾಸಿಗೆ ಬಟ್ಟೆ ನೇಯ್ದಿದ್ದು ನಾನೇ! ಈಗ ನನಗೇ ಶಿಸ್ತು ಹೇಳಿಕೊಡ್ತೀರಾ?"

ಕ್ಲಿಕ್! ಬಾಯಿ ಪೂರ್ತಿ ತೆರೆದಿದ್ದ ಹೊತ್ತಿಗೇ ಕ್ಯಾಮೆರಾ ಮಿಂಚಿತು.

ಹುಡುಗನ ಮುಖ ಸಪ್ಪಗಾಯಿತು. "ಛೆ... ಕೈ ತಪ್ಪಿ ಒತ್ತಿಬಿಟ್ಟೆ. ನಾನು ಗ್ಲೆಬ್. ನಿಮ್ಮ ಗಿರಣಿಯಲ್ಲೇ ಎಲೆಕ್ಟ್ರಿಷಿಯನ್, ಗೇಟಲ್ಲಿ ನಿಮ್ಮನ್ನ ನೋಡಿದ್ದೀನಿ. ಈ ಫೋಟೋ ಹೊರಗೆ ಬರಲ್ಲ, ಮಾತು ಕೊಡ್ತೀನಿ."

ಮುದುಕಿ ನರ್ಸ್ ಒಬ್ಬಳನ್ನೂ ಮಕ್ಕಳನ್ನೆತ್ತಿಕೊಂಡಿದ್ದ ಇಬ್ಬರು ತಾಯಂದಿರನ್ನೂ ಅವನು ಹೆಸರು ಬರೆದುಕೊಳ್ಳದೆ ಹಿಂಬಾಗಿಲಿನಿಂದ ಕಳಿಸಿದ್ದನ್ನು ತೈಸಿಯಾ ಓರೆಗಣ್ಣಿನಲ್ಲಿ ನೋಡಿದಳು. ತಂಡದ ಉಳಿದವರು ಹೋದ ಮೇಲೂ ಅವನು ಹೋಗಲಿಲ್ಲ. ಅವಳ ಹಿಂದೆಯೇ ನಿಂತ. ಮಾತಾಡುತ್ತ ಆಡುತ್ತ ಅವಳಿಗೆ ಎಲ್ಲಿ ಜೋಂಪು ಹತ್ತಿತೋ... ಎಚ್ಚರವಾದಾಗ ತಲೆ ಅವನ ಭುಜದ ಮೇಲಿತ್ತು!

"ಏಳಿ, ನಿಮ್ಮ ಸರದಿ ಬಂತು," ಎಂದ ಅವನು ಮೆಲ್ಲಗೆ. "ಸ್ವಲ್ಪ ಗೊರಕೆ ಹೊಡೀತೀರಿ. ಯಾರಿಗೂ ಹೇಳಲ್ಲ."

ಆ ದಿನ ಬೂಟಿನ ಡಬ್ಬ ಅಪ್ಪಿಕೊಂಡು ಮನೆಗೆ ಹೋದ ತೈಸಿಯಾಗೆ ನಿದ್ದೆಯೇ ಬರಲಿಲ್ಲ. ಹುಡುಗಿಯರೇ ತುಂಬಿದ, ಹುಡುಗರಿಗೆ ಬರಗಾಲವಿರುವ ಊರಿದು. ಆದರೂ ಅವಳ ಮನಸ್ಸು ಇಷ್ಟು ಸುಲಭಕ್ಕೆ ಯಾರಿಗೂ ಸೋತಿರಲಿಲ್ಲ.

ಮೂರನೇ ದಿನ ಗಿರಣಿಯ ಗೇಟಿನಲ್ಲಿ ಜನ ಗುಂಪುಗೂಡಿ ನಗುತ್ತಿದ್ದರು. ಹಲಗೆಯ ಮೇಲೆ ಅವಳದೇ ಫೋಟೋ! ಬಾವಿಯಂತೆ ತೆರೆದ ಬಾಯಿ. ಕೆಳಗೆ ದಪ್ಪ ಅಕ್ಷರ: 'ಗೆಳತಿಯರು ನೇಯುತ್ತಿದ್ದಾರೆ, ಈಕೆ ಬೂಟು ಕೊಳ್ಳುತ್ತಿದ್ದಾಳೆ!'

ಮರುದಿನ ಅದೇ ಫೋಟೋ ಇನ್ನೂ ದೊಡ್ಡದಾಗಿ ಬಂತು. ಅದರ ಮರುದಿನ ಮತ್ತೂ ದೊಡ್ಡದು!

'ಭುಜ ಕೊಟ್ಟ ಹಾಗೆ ಮಾಡಿ ಕತ್ತು ಕೊಯ್ದನಲ್ಲ... ಮಾತು ಬೇರೆ ಕೊಟ್ಟಿದ್ದ!'

ಅವಳು ಕಣ್ಣೊರೆಸಿಕೊಂಡು ಗಿರಣಿಯ ಯುವಸಂಘದ ಸಮಿತಿಗೆ ಪತ್ರ ಬರೆದಳು: 'ಗ್ಲೆಬ್ ಅವತ್ತು ಮೂವರನ್ನು ಹೆಸರೂ ಕೇಳದೆ ಬಿಟ್ಟ. ನನ್ನೊಬ್ಬಳ ಫೋಟೋ ಮಾತ್ರ ಯಾಕೆ?'

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ? ಪಾಪ, ಆ ಹುಡುಗಿಗೆ ಅದು ಆಗ ಹೊಳೆಯಲಿಲ್ಲ.

ವಾರದ ಮೇಲೆ ಸಂಘದ ಕಾರ್ಯದರ್ಶಿ ಎಡುವಾರ್ದ್ ಕರೆಸಿದ. ಮುಖದ ತುಂಬ ಬೆಣ್ಣೆ.

"ತುಂಬ ಒಳ್ಳೇ ಪತ್ರ ಬರ್ದಿದ್ದೀಯ, ತೈಸಿಯಾ. ನಾಳೆ ಗ್ಲೆಬ್ ಮೇಲೆ ವಿಚಾರಣೆ. ಎದ್ದು ನಿಂತು ಇದನ್ನೇ ಹೇಳು, ಆಮೇಲೆ ಎಲ್ಲರ ಜೊತೆ ಕೈ ಎತ್ತು. ಮಾಸ್ಕೋದ ಜವಳಿ ಕಾಲೇಜಿಗೆ ನಮ್ಮ ಶಿಫಾರಸು ಬೇಕಲ್ವಾ? ನಾಳೆ ಸಂಜೆನೇ ಸಹಿ ಹಾಕ್ತೀನಿ."

ಬಟ್ಟೆಗೆ ಚಿತ್ತಾರ ಬರೆಯುವುದನ್ನು ಕಲಿಯಬೇಕೆಂದು ಮೂರು ವರ್ಷದಿಂದ ಕಾಯುತ್ತಿದ್ದಳು. ಕುಣಿಯಬೇಕಿತ್ತು. ಕಾಲೇಕೋ ಕಲ್ಲಾಗಿತ್ತು.

ಹೊರಗೆ ಸಮಿತಿಯ ಟೈಪಿಸ್ಟ್, ಅವಳ ಗೆಳತಿ ರಿಮ್ಮಾ, ತೋಳು ಹಿಡಿದು ಮೂಲೆಗೆ ಎಳೆದಳು.

"ಏನೇ ಮಾಡಿಟ್ಟೆ, ಮಂಕುದಿಣ್ಣೆ! ಆ ಫೋಟೋ ಹಾಕಿದ್ದು ಗ್ಲೆಬ್ ಅಂದ್ಕೊಂಡ್ಯಾ? ಅಂಗಡಿಯಿಂದ ಬಂದ ಕೂಡ್ಲೇ ಎಡುವಾರ್ದ್ ಕ್ಯಾಮೆರಾ ಕಿತ್ಕೊಂಡ. ಇವನು ಜಗಳಾಡ್ದ, ಬೇಡ್ಕೊಂಡ. ಕೊನೆಗೆ ಹಲಗೆ ಮೇಲಿಂದ ಹರ್ದು ಬಿಸಾಕ್ದ. ಎರಡು ಸಲ! ಹರ್ದಾಗೆಲ್ಲ ಅವರು ದೊಡ್ಡದು ಮಾಡಿ ಅಂಟಿಸಿದ್ರು. ಹರ್ದಿದ್ದಕ್ಕೆ ಬರೀ ಎಚ್ಚರಿಕೆ ಕೊಟ್ಟು ಬಿಡೋರಿದ್ರು ಕಣೇ. ತಪ್ಪಿತಸ್ಥರನ್ನ ಬಿಟ್ಟುಕಳಿಸ್ದ ಅನ್ನೋಕೆ ಸಾಕ್ಷಿ ಸಿಕ್ಕಿದ್ದು ನಿನ್ನ ಪತ್ರದಿಂದ!"

"ಈಗ... ಏನ್ ಮಾಡ್ತಾರೆ?"

"ಸಂಘದಿಂದ ಉಚ್ಚಾಟನೆ. ಅವನು ಓದ್ತಿರೋ ಸಂಜೆ ಕಾಲೇಜಿಂದಲೂ ತೆಗೀತಾರೆ, ಕೊನೇ ವರ್ಷ ಪಾಪ. ನಾಳಿನ ಸಭೆಯ ನಿರ್ಣಯ ಇವತ್ತೇ ಟೈಪ್ ಮಾಡ್ಸಿದ್ರು. 'ಸರ್ವಾನುಮತದಿಂದ' ಅಂತ."

ಮರುದಿನ ನಾಲ್ಕು ಗಂಟೆಗೆ ಸಭಾಕೋಣೆ ತುಂಬಿತ್ತು. ಹಿಂದಿನ ಸಾಲಿನವರು ಎಂದಿನಂತೆ ಸ್ವೆಟರ್ ಹೆಣೆಯುತ್ತಿದ್ದರು. ಗ್ಲೆಬ್ ಒಬ್ಬನೇ ಮುಂದೆ ನಿಂತಿದ್ದ. ಅವಳತ್ತ ಒಮ್ಮೆ ನೋಡಿದ. ಆ ನೋಟದಲ್ಲಿ ದೂರಿರಲಿಲ್ಲ, ಅದೇ ಅವಳನ್ನು ಸುಟ್ಟಿತು.

ಎಡುವಾರ್ದ್ ಪತ್ರ ಓದಿ, "ಕಾಮ್ರೇಡ್ ತೈಸಿಯಾ, ಹೇಳಿ," ಎಂದ.

ಅವಳು ಎದ್ದಳು.

"ಆ ಪತ್ರ ಬರ್ದಿದ್ದು ನಾನೇ. ತಪ್ಪು ತಿಳ್ಕೊಂಡು, ಸಿಟ್ಟಲ್ಲಿ ಬರ್ದೆ. ಅವನು ಬಿಟ್ಟಿದ್ದು ಒಬ್ಬ ಮುದುಕೀನ, ಮಕ್ಕಳನ್ನೆತ್ಕೊಂಡಿದ್ದ ಇಬ್ಬರು ತಾಯಂದಿರನ್ನ. ನೀವಾಗಿದ್ರೆ ಹಿಡೀತಿದ್ರಾ?"

"ಕಾಮ್ರೇಡ್, ವಿಷಯ ಅದಲ್ಲ..."

"ಅದೇ ವಿಷಯ! ರಾತ್ರಿಯಿಡೀ ದುಡಿದವಳನ್ನ ಸೋಮಾರಿ ಅಂತ ಗೇಟಿಗೆ ನೇತುಹಾಕಿದ್ರಿ. ಅದನ್ನ ಹರ್ದವನನ್ನ ಹೊರಗೆ ಹಾಕ್ತೀರಿ. ನಾಚಿಕೆ ಆಗ್ಬೇಕಾದ್ದು ಯಾರಿಗೆ?"

ಹೆಣಿಗೆಯ ಕಡ್ಡಿಗಳು ನಿಂತವು.

"ನಿಮ್ಮ ಶಿಫಾರಸು ನೆನಪಿದೆ ತಾನೇ?" ಎಡುವಾರ್ದ್‌ನ ಮುಖದ ಬೆಣ್ಣೆ ಕರಗಿತ್ತು.

"ನೆನಪಿದೆ. ಆ ಸಹಿ ನೀವೇ ಇಟ್ಕೊಳ್ಳಿ!"

ಅವನು ತಲೆ ತಗ್ಗಿಸಿ, ಎಂದಿನಂತೆ ಒಂದೇ ಉಸಿರಿನಲ್ಲಿ ಗೊಣಗಿದ. "ಉಚ್ಚಾಟನೆಯ ಪರ? ವಿರೋಧ? ತಟಸ್ಥ? ಯಾರೂ ಇಲ್ಲ. ಸರ್ವಾನು..."

"ತಲೆ ಎತ್ತಿ ಎಣ್ಸಿ," ಎಂದಳು ತೈಸಿಯಾ. ಅವಳ ಕೈ ಮೇಲಿತ್ತು. "ವಿರೋಧ ಒಂದು. ನನ್ನ ಹೆಸರು ಬರ್ಕೊಳ್ಳಿ."

ಬೇರೆ ಕೈ ಏಳಲಿಲ್ಲ. ಎಲ್ಲರಿಗೂ ಮನೆ, ಮಕ್ಕಳು, ಭಯ... ಬೈಯಲು ನನಗಂತೂ ಬಾಯಿ ಬರುವುದಿಲ್ಲ. ಗ್ಲೆಬ್‌ನ ಸದಸ್ಯತ್ವ ಹೋಯಿತು. ಆದರೆ ರಿಮ್ಮಾ ಆ ನಿರ್ಣಯವನ್ನು ಹೊಸದಾಗಿ ಟೈಪ್ ಮಾಡಬೇಕಾಯಿತು. ಗಿರಣಿಯ ಇತಿಹಾಸದಲ್ಲಿ ಅದೇ ಮೊದಲ ಸಲ.

ಹೊರಗೆ ಹಿಮ ಉದುರುತ್ತಿತ್ತು. ಗ್ಲೆಬ್ ಮೆಟ್ಟಿಲ ಕೆಳಗೆ ಕಾಯುತ್ತಿದ್ದ.

"ಹುಚ್ಚಿ! ಮಾಸ್ಕೋ ಕಳ್ಕೊಂಡ್ಯಲ್ಲ!"

"ಮಾಸ್ಕೋ ಎಲ್ಲಿಗೂ ಓಡಿಹೋಗಲ್ಲ. ಮನೇಲೇ ಬರೀತೀನಿ ಚಿತ್ತಾರ, ಯಾರು ತಡೀತಾರೆ ನೋಡೋಣ." ಅವಳು ಕೊನೆಯ ಮೆಟ್ಟಿಲಲ್ಲಿ ನಿಂತಳು. "ಗ್ಲೆಬ್... ನಿನ್ನ ಕಾಲೇಜು ನನ್ನಿಂದ ಹೋಯ್ತು. ಆ ಪತ್ರ..."

"ಸೋಮವಾರನೇ ತೋರಿಸಿದ್ದ ಎಡುವಾರ್ದ್. ನೀನು ನನಗೆ ಆಮಿಷ ಒಡ್ಡಿದೆ ಅಂತ ಬರ್ಕೊಟ್ರೆ ನನ್ನನ್ನ ಬಿಡ್ತೀನಿ ಅಂದ."

"ಮತ್ತೆ... ಬರೀಲಿಲ್ವಾ?"

"ಇಲ್ಲ."

"ಯಾಕೋ?"

"ಅಷ್ಟೂ ಗೊತ್ತಾಗಲ್ವಾ?" ಅವನ ಕಿವಿ ಕೆಂಪಾದದ್ದು ಚಳಿಗಲ್ಲ. "ಪ್ರೀತಿಸ್ತೀನಿ ಕಣೇ."

ಅವಳು ಅಳುತ್ತಲೇ ನಕ್ಕಳು. ಸಭೆ ಮುಗಿಸಿ ಜನ ಹೊರಬರುತ್ತಿದ್ದರು. ಎಡುವಾರ್ದ್ ಕೂಡ. ನೋಡಲಿ! ಎಲ್ಲರೆದುರೇ ಗ್ಲೆಬ್‌ನ ತೋಳು ಹಿಡಿದುಕೊಂಡಳು.

"ನಡಿ, ಮನೆಗೆ ಹೋಗೋಣ. ಅಮ್ಮ ಎಲೆಕೋಸು ಸಾರು ಮಾಡಿರ್ತಾಳೆ."

"ಅಮ್ಮಂಗೆ ಏನಂತ ಹೇಳ್ತೀಯ? ಸಂಘದಿಂದ ಹೊರಹಾಕಿದ, ಓದೂ ಮುಗಿಸ್ದೇ ಇರೋ ಎಲೆಕ್ಟ್ರಿಷಿಯನ್ ಅಂತಾನಾ?"

"ಅಷ್ಟುದ್ದ ಯಾಕೆ?" ಅವಳು ಅವನ ಕಾಲರ್ ಮೇಲಿನ ಹಿಮ ಕೊಡವಿದಳು. "ನನ್ನೋನು ಅಂತೀನಿ."