ಮುಚ್ಚಳದ ಎರಡನೇ ತೂತು

ರಿಪೋರ್ಟ್ ಸುಳ್ಳು ಹೇಳುತ್ತಿತ್ತು.

ಹೆಡ್ ಸಿಸ್ಟರ್ ಮತ್ತೊಮ್ಮೆ ಓದಿದರು. ಎರಡನೇ ಮಹಡಿಯಿಂದ ಬಿದ್ದ ಗಾರೆ ಕೆಲಸದವನ ರಕ್ತ ಹೆಪ್ಪುಗಟ್ಟುತ್ತಲೇ ಇಲ್ಲವಂತೆ. ತಲೆಗೆ ಬಲವಾದ ಪೆಟ್ಟು ಬಿದ್ದವರಿಗೆ ಹಾಗಾಗುವುದುಂಟು. ಇವನಿಗೂ ಆಗಿತ್ತು. ಆದರೆ ಸರ್ಜನ್ ಮೇಡಂ ಬೆಳಗಿನಿಂದ ಪ್ಲಾಸ್ಮಾ ಕೊಡಿಸಿ ಹತೋಟಿಗೆ ತಂದಿದ್ದರು. ಈಗ ಸೂಜಿ ಚುಚ್ಚಿದ ಜಾಗವೂ ಒಣಗಿತ್ತು. ಹೆಪ್ಪುಗಟ್ಟದ ರಕ್ತ ಅಲ್ಲಿ ನಿಂತದ್ದು ಹೇಗೆ?

"ಈ ರಿಪೋರ್ಟ್ ನೋಡಿ ನಾನು ಅರಿವಳಿಕೆ ಕೊಡಲ್ಲ," ಎಂದರು ಅರಿವಳಿಕೆ ಡಾಕ್ಟರು. ಅವರು ಮೇಡಂ ಗಂಡ. "ನಿನ್ನ ಚಿಕಿತ್ಸೆ ಕೈಕೊಡ್ತು. ಒಪ್ಕೋ."

ಮೇಡಂ ರೋಗಿಯ ಕಣ್ಣಿಗೆ ಟಾರ್ಚ್ ಹಿಡಿದರು. ಒಂದು ಪಾಪೆ ದೊಡ್ಡದಾಗತೊಡಗಿತ್ತು; ಮಿದುಳಿನ ಮೇಲೆ ಒತ್ತಡ ಏರುತ್ತಿತ್ತು. ಆಪರೇಷನ್ನಿಗೆ ಹೊತ್ತು ಮೀರುತ್ತಿತ್ತು.

ಸಿಸ್ಟರ್ ತಾವೇ ಹೊಸದಾಗಿ ರಕ್ತ ತೆಗೆದು, ತಾವೇ ಲ್ಯಾಬಿಗೆ ಓಡಿದರು.

* * *

"ಇದು ಚೆನ್ನಾಗೇ ಇದೆಯಲ್ಲ ಸಿಸ್ಟರ್!" ಎಂದ ಲ್ಯಾಬಿನವನು.

"ಮತ್ತೆ ಮೊದಲಿನದು?"

"ಡಯಾಲಿಸಿಸ್ ರೋಗೀದು ಅದಲುಬದಲಾಗಿರ್ಬೇಕು. ರಕ್ತ ಗಟ್ಟಿಯಾಗದ ಹಾಗೆ ಅವ್ರಿಗೆ ಹೆಪಾರಿನ್ ಕೊಟ್ಟಿರ್ತಾರೆ."

ಮೊದಲಿನ ಟ್ಯೂಬ್ ತಂದವನು ಅಲ್ಲೇ ಬಾಗಿಲಲ್ಲಿ ನಿಂತಿದ್ದ ಅಟೆಂಡರ್. ವಾರ್ಡಿನವರು ಅವನನ್ನು ಕರೆಯುವುದೇ 'ಗಡಿಬಿಡಿ' ಎಂದು. ಎಲ್ಲರೂ ಅವನತ್ತ ತಿರುಗಿದರು.

"ದೇವರಾಣೆ ಅಕ್ಕಾ, ನಾನು ತಂದಿದ್ದು ಒಂದೇ ಟ್ಯೂಬು!"

ಆ ಟ್ಯೂಬಿನ ರಕ್ತದ ಗುಂಪು ನೋಡಿದರು. ಅಪರೂಪದ ಎಬಿ ನೆಗೆಟಿವ್. ಗಾರೆಯವನದೇ.

ಸಿಸ್ಟರ್ ಹಳೆಯ ಟ್ಯೂಬನ್ನು ಬೆಳಕಿಗೆ ಹಿಡಿದರು. ರಕ್ತ ತುಂಬಬೇಕಾದ ಗೆರೆಗಿಂತ ಮೇಲಿತ್ತು. ರಬ್ಬರ್ ಮುಚ್ಚಳದಲ್ಲಿ ಒಂದಲ್ಲ, ಎರಡು ತೂತು.

"ದಾರೀಲಿ ಯಾರ ಕೈಗೆ ಕೊಟ್ಟೆ?"

"ಹೆಸರು ಸರಿ ಇದ್ಯಾ ನೋಡ್ತೀನಿ ಅಂತ ಸಾಹೇಬ್ರು ಒಳಗೆ ತಗೊಂಡು ಹೋದ್ರು. ಅರಿವಳಿಕೆ ಸಾಹೇಬ್ರು."

* * *

ಸಿಸ್ಟರ್ ವಿಷಯ ತಿಳಿಸಿದ ಮೇಲೆ ಮೇಡಂ ಬೇರೆ ಅರಿವಳಿಕೆ ಡಾಕ್ಟರನ್ನು ಕರೆಸಿದರು. ಥಿಯೇಟರಿನ ಬಾಗಿಲು ಮುಚ್ಚಿತು. ಸಿಸ್ಟರ್ ಟ್ಯೂಬನ್ನು ಮೇಡಂ ಗಂಡನ ಮುಂದಿಟ್ಟರು.

"ರಕ್ತ ತೆಗೆದಾಗ ಬಿದ್ದದ್ದು ಒಂದು ತೂತು. ಇನ್ನೊಂದು ನಿಮ್ಮದು ಸಾರ್. ಹೆಪಾರಿನ್ ಚುಚ್ಚಿದ್ರಿ. ಅದಕ್ಕೇ ಗೆರೆ ದಾಟಿದೆ. ಹೆಪಾರಿನ್ ಬೀರುವಿನ ಕೀ ಇರೋದು ಇಬ್ಬರ ಹತ್ರ. ಒಂದು ನನ್ನ ಸೊಂಟದಲ್ಲೇ ಇದೆ."

ಅವರು ಕುರ್ಚಿ ಎಳೆದು ಕೂತು, ಟ್ಯೂಬನ್ನು ದೂರ ತಳ್ಳಿದರು.

"ಮನೇಲೂ ಅವಳದೇ ಮಾತು, ಇಲ್ಲೂ ಅವಳದೇ. ನನ್ನನ್ನ ತೋರ್ಸಿ 'ಮೇಡಂ ಗಂಡ' ಅಂತಾರೆ. ನಂಗೆ ಹೆಸರಿಲ್ವಾ? ಅವಳು ಒಂದೇ ಒಂದು ಸಲ ಸೋಲ್ಲಿ ಅನ್ನಿಸ್ತು."

"ಸೋಲ್ತಿದ್ದದ್ದು ಒಳಗೆ ಮಲಗಿರೋನು ಸಾರ್."

ಮೂರು ಗಂಟೆ ಕಳೆದು ಮೇಡಂ ಹೊರಬಂದರು. ಅಷ್ಟರಲ್ಲಿ ಸಿಸ್ಟರ್ ಕರೆಸಿದ್ದ ಪೊಲೀಸರು ಬಂದಿದ್ದರು. ಗಂಡ ಎದ್ದು ನಿಂತರು.

"ನನ್ನ ಮೇಲೆ ಕೇಸ್ ಹಾಕಿಸ್ತೀಯಾ?"

ಮೇಡಂ ಅವರನ್ನು ದಿಟ್ಟಿಸಿದರು. "ಅವನು ಬದುಕ್ಕೊಂಡ. ನೀವು ಮೊದಲು ಅದನ್ನ ಕೇಳ್ತೀರ ಅಂದ್ಕೊಂಡಿದ್ದೆ."

ಅವರನ್ನು ದಾಟಿಕೊಂಡು, ಬೆಂಚಿನ ಮೇಲೆ ಕಾದಿದ್ದ ಗಾರೆಯವನ ಹೆಂಡತಿಯ ಬಳಿಗೆ ನಡೆದರು.