ನೊರೆ ಇಳಿಯುವವರೆಗೆ

“ಅಮ್ಮಾ, ಬಕೆಟ್!”

ಮಗಳು ಅಳಿಲು ಕೂಗಿದ್ದೇ ತಡ, ಅಮ್ಮ ಬೆಚ್ಚಿ ಕಣ್ಣುಬಿಟ್ಟಳು. ಹಾಲು ಕರೆಯುತ್ತಾ ಕರೆಯುತ್ತಾ ಹಸುವಿನ ಹೊಟ್ಟೆಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ಹಸು ಒಂದು ಕಾಲನ್ನು ಬಕೆಟ್ಟಿನೊಳಗೆ ಇಟ್ಟುಕೊಂಡು ಆರಾಮಾಗಿ ಮೆಲುಕು ಹಾಕುತ್ತಿತ್ತು.

“ಇವತ್ತು ಹಸುವಿಗೇ ಹಾಲಿನ ಸ್ನಾನ,” ಎಂದ ಅಪ್ಪ. ಮೂವರಿಗೂ ನಗು ತಡೆಯಲಾಗಲಿಲ್ಲ.

ಆ ಹುಡುಗಿ ಒಂದು ಕಡೆ ನಿಂತವಳಲ್ಲ. ಅದಕ್ಕೇ ಮನೆಯವರ ಬಾಯಲ್ಲಿ ಅಳಿಲು ಆಗಿದ್ದಳು. ಅಮ್ಮನೂ ಅಂಥವಳೇ. ಆದರೆ ಹೊಟ್ಟೆಯಲ್ಲಿ ಪಾಪು ಬಂದಮೇಲೆ ಅಮ್ಮ ಕೂತಲ್ಲೇ ತೂಕಡಿಸುತ್ತಿದ್ದಳು. ಬಿಸಿಲಲ್ಲೂ ಶಾಲು ಹೊದೆಯುತ್ತಿದ್ದಳು.

ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟ್ರಮ್ಮ ಅಳಿಲಿಗೂ ಅರ್ಥವಾಗುವ ಹಾಗೆ ಹೇಳಿದ್ದರು: “ಕತ್ತಿನಲ್ಲಿ ಥೈರಾಯ್ಡ್ ಅಂತ ಪುಟ್ಟ ಗ್ರಂಥಿ ಇರುತ್ತೆ. ಮೈ ಚುರುಕಾಗಿರೋಕೆ ಅದರ ರಸ ಬೇಕು. ಪಾಪು ಚೆನ್ನಾಗಿ ಬೆಳೆಯೋಕೂ ಬೇಕು. ನಿಮ್ಮಮ್ಮನಿಗೆ ಅದು ಸ್ವಲ್ಪ ಕಡಿಮೆ ಆಗಿದೆ, ಅಷ್ಟೇ. ದಿನಾ ಬೆಳಗ್ಗೆ ಖಾಲಿ ಹೊಟ್ಟೇಲಿ ಈ ಮಾತ್ರೆ. ತಪ್ಪಿಸೋ ಹಾಗಿಲ್ಲ.”

“ನಾನು ಕೊಡ್ತೀನಿ!” ಎಂದಿದ್ದಳು ಅಳಿಲು.

ಕೊಟ್ಟಳು ಕೂಡ. ಬೆಳಗ್ಗೆ ಎದ್ದವಳೇ ಹಿಂದಿನ ರಾತ್ರಿಯ ಹಾಲನ್ನು ಅಪ್ಪನ ಕೈಲಿ ಕಾಯಿಸಿಕೊಂಡು, ಲೋಟದಿಂದ ಲೋಟಕ್ಕೆ ಎತ್ತೆತ್ತಿ ಹೊಯ್ದು ನೊರೆ ಬರಿಸುತ್ತಿದ್ದಳು. ನೊರೆ ಇಳಿಯುವುದರೊಳಗೆ ಅಮ್ಮನ ಹಾಸಿಗೆಗೆ ಓಟ. ಮಾತ್ರೆ ನುಂಗಿ ಹಾಲು ಕುಡಿದ ಅಮ್ಮನಿಗೆ ಬಿಳಿ ಮೀಸೆ ಬರುತ್ತಿತ್ತು.

ಬಕೆಟ್ಟಿಗೆ ಕಾಲು ಬಿದ್ದ ಆ ದಿನವೇ ಮತ್ತೆ ಆಸ್ಪತ್ರೆಗೆ ಹೋಗುವುದಿತ್ತು. ಹೊಸ ರಿಪೋರ್ಟ್ ನೋಡಿ ಡಾಕ್ಟ್ರಮ್ಮ ಹುಬ್ಬು ಗಂಟಿಕ್ಕಿದರು.

“ಏನೂ ಬದಲಾಗಿಲ್ವಲ್ಲ! ಮಾತ್ರೆ ಬಿಟ್ರಾ?”

“ಒಂದು ದಿನವೂ ಬಿಟ್ಟಿಲ್ಲ ಆಂಟಿ! ನಾನೇ ಕೊಡೋದು.”

“ಖಾಲಿ ಹೊಟ್ಟೇಲಿ?”

“ಹೂಂ. ಏನೂ ತಿಂದಿರಲ್ಲ. ಬರೀ ಹಾಲು.”

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. “ಹಾಲು?”

“ಹಾಲು ಲೆಕ್ಕಕ್ಕೆ ಬರುತ್ತಾ ಡಾಕ್ಟ್ರೇ?” ಅಮ್ಮನಿಗೆ ಆಶ್ಚರ್ಯ. “ನಮ್ಮನೇಲಿ ಅದು ನೀರಿದ್ದ ಹಾಗೆ.”

“ಸರಿಹೋಯ್ತು! ಹಸು ಸಾಕೋರನ್ನ ನಾನು ಬಿಡಿಸಿ ಕೇಳಬೇಕಿತ್ತು,” ಎಂದು ಡಾಕ್ಟ್ರಮ್ಮ ನಕ್ಕರು. “ಹಾಲಿನ ಜೊತೆ ತಗೊಂಡ್ರೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ.”

ಅಳಿಲಿಗೆ ನಗು ಬರಲಿಲ್ಲ. ಅವಳು ಅಮ್ಮನ ಹೊಟ್ಟೆಯ ಕಡೆ ನೋಡಿದಳು. “ನನ್ನಿಂದ ಪಾಪುಗೆ ಏನಾದ್ರೂ...?”

“ಇಲ್ಲಿ ಬಾ.” ಡಾಕ್ಟ್ರಮ್ಮ ಅವಳನ್ನು ಹತ್ತಿರ ಕರೆದು, ಅಮ್ಮನ ಹೊಟ್ಟೆಯ ಮೇಲೆ ಒಂದು ಯಂತ್ರ ಇಟ್ಟರು. ಟಕಟಕ ಟಕಟಕ! ಕುದುರೆ ಓಡಿದ ಹಾಗೆ.

“ಕೇಳಿಸ್ತಾ ಪಾಪು ಎದೆಬಡಿತ? ನಿನಗಿಂತ ಜೋರಾಗಿ ಓಡ್ತಿದೆ. ಕಡಿಮೆ ಇರೋದು ಸ್ವಲ್ಪವೇ, ಗೊತ್ತಾಗಿದ್ದೂ ಬೇಗ. ಇನ್ಮೇಲೆ ಮಾತ್ರೆಗೆ ನೀರು ಮಾತ್ರ. ಹಾಲು ಆಮೇಲೆ, ತಿಂಡಿಯೆಲ್ಲ ಮುಗಿದು ಸುಮಾರು ಹೊತ್ತಾದ ಮೇಲೆ.”

ಮಾರನೆಯ ದಿನದಿಂದ ಅಳಿಲು ನೀರಿನ ಲೋಟ ಹಿಡಿದು ಬಂದಳು. “ಒಂದು ಗುಟುಕು ಹಾಲೇ,” ಎಂದು ಅಮ್ಮ ಗೋಗರೆದರೂ ಜಪ್ಪಯ್ಯ ಅನ್ನಲಿಲ್ಲ.

“ಅಬ್ಬಾ, ಏನು ಸ್ಟ್ರಿಕ್ಟ್ ಮೇಡಮ್ಮು!” ಎಂದ ಅಪ್ಪ.

ಮುಂದಿನ ರಿಪೋರ್ಟ್ ನೋಡಿ ಡಾಕ್ಟ್ರಮ್ಮ ಹೆಬ್ಬೆರಳು ಎತ್ತಿದರು. ಕೊಟ್ಟಿಗೆಯಿಂದ ಅಮ್ಮನ ಹಾಡು ಮತ್ತೆ ಕೇಳತೊಡಗಿತು. ಬಕೆಟ್ಟಿಗೆ ಕಾಲು ಹಾಕಲು ಬಂದ ಹಸುವಿಗೆ ಗದರಿಕೆ ಬಿತ್ತು.

ಒಂದು ರಜಾದಿನ ಬೆಳಗ್ಗೆ ಅಳಿಲು ಅಭ್ಯಾಸಬಲದಿಂದ ಬೇಗನೇ ಹಾಲು ಹೊಯ್ದು ನೊರೆ ಬರಿಸಿಬಿಟ್ಟಳು. ಓಡಲು ಎತ್ತಿದ ಕಾಲು ಹಾಗೇ ನಿಂತಿತು.

ಲೋಟವನ್ನು ಕಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಕೂತಳು. ನೊರೆಯ ಗುಳ್ಳೆಗಳು ಒಂದೊಂದಾಗಿ ಒಡೆದವು. ಎಲ್ಲ ಇಳಿದುಹೋಗುವುದನ್ನು ಅವಳು ನೋಡುತ್ತಲೇ ಇದ್ದಳು. ಅಷ್ಟು ಹೊತ್ತು ಅವಳು ಒಂದೇ ಕಡೆ ಕೂತದ್ದು ಅದೇ ಮೊದಲು.